ಯುದ್ಧ ಗೆದ್ದ ಕಥೆ ಸಾಕು, ಯುದ್ಧದ ಬಾಕಿ ತೀರಿಸಿದ್ದು ಯಾರು ಅಂತಾನೂ ಬರೀರಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ಮೊದಲ ಮಹಾಯುದ್ಧ ಮುಗಿದ ಮೇಲಿನ ಅಮೆರಿಕದ ಅಧ್ಯಕ್ಷರ ಬಗ್ಗೆ ಬಂದ ಲೇಖನ ಓದಿದೆ. ಬರಹ ಓದಿಸ್ಕೊಂಡು ಹೋಗುತ್ತೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಒಟ್ಟಾರೆ ಹೇಳಿದ್ದು ಅದೇ ಹಳೇ ರಾಗ: ವುಡ್ರೋ ವಿಲ್ಸನ್ ಅಂದ್ರೆ ಕನಸು ಕಂಡ ಮಹಾನಾಯಕ, ಅವರ ಹಿಂದೆ ಬಂದ ವಾರನ್ ಹಾರ್ಡಿಂಗ್ ದೋಸ್ತಿಗಳ ಜೊತೆ ಇಸ್ಪೀಟು ಆಡ್ಕೊಂಡು ಕೂತ ದಂಡಪಿಂಡ, ಕಾಲ್ವಿನ್ ಕೂಲಿಜ್ ಬಾಯಿ ಬಿಡದ ನಿದ್ದೆಬುರುಕ, ಆಮೇಲೆ 1929ರಲ್ಲಿ ಷೇರು ಪೇಟೆ ಬಿತ್ತು, ಕಥೆ ಮುಗೀತು. ನನಗೆ ಇದು ಸರಿ ಅನಿಸಲಿಲ್ಲ, ಅದಕ್ಕೇ ಈ ಉದ್ದನೆ ಪತ್ರ, ಕತ್ತರಿ ಹಾಕೋದಾದ್ರೆ ದಯವಿಟ್ಟು ನಡುವಿನ ಜೈಲಿನ ಭಾಗಕ್ಕೆ ಹಾಕಬೇಡಿ.

ಯುದ್ಧ ಅಂದ್ಮೇಲೆ ಅದು ಮುಗಿದ ದಿನ ಮುಗಿಯೋದಿಲ್ಲ, ಬಾಕಿ ಅಂತ ಒಂದಷ್ಟು ಉಳಿಸಿ ಹೋಗುತ್ತೆ. ಸಾಲ ಒಂದು ಬಾಕಿ, ಅದು ಎಲ್ಲರಿಗೂ ಗೊತ್ತು. ಯುದ್ಧ ಬೇಡ ಅಂದಿದ್ದಕ್ಕೆ ಜೈಲಿಗೆ ಹೋದವರು ಇನ್ನೊಂದು ಬಾಕಿ, ಕೈಕಾಲು ಶ್ವಾಸಕೋಶ ಕಳ್ಕೊಂಡು ವಾಪಸ್ ಬಂದ ಸಿಪಾಯಿಗಳು ಮತ್ತೊಂದು, ಈ ದೇಶದ ಯೂನಿಫಾರ್ಮ್ ಹಾಕಿದೀನಿ, ಇನ್ನು ಇದೇ ನನ್ನ ದೇಶ ಅಂತ ನಂಬ್ಕೊಂಡ ವಲಸಿಗರು ಇನ್ನೊಂದು. ಆ ಹತ್ತು ವರ್ಷದ ಅಧ್ಯಕ್ಷರನ್ನ ಇದನ್ನಿಟ್ಟು ತೂಗಿ ನೋಡಿ, ಲೇಖನದಲ್ಲಿ ಕೊಟ್ಟ ಮಾರ್ಕ್ಸ್ ಎಲ್ಲ ತಲೆಕೆಳಗಾಗುತ್ತೆ ಅಂತ ಹೇಳಲ್ಲ, ಆದ್ರೆ ಸಾಕಷ್ಟು ಅದಲುಬದಲಾಗುತ್ತೆ.

ವಿಲ್ಸನ್ ಅವರಿಂದಲೇ ಶುರು ಮಾಡೋಣ. ಇನ್ನೊಂದು ಯುದ್ಧ ಆಗ್ಬಾರ್ದು ಅಂತ ಅವರು ಕನಸು ಕಂಡ ದೇಶಗಳ ಒಕ್ಕೂಟ, ಲೀಗ್ ಆಫ್ ನೇಷನ್ಸ್ ವಿಷಯ ಲೇಖನದಲ್ಲಿ ಬೇಕಾದಷ್ಟಿದೆ. ಅದಕ್ಕೆ ಸೇರೋ ಒಪ್ಪಂದಕ್ಕೆ ಅಲ್ಲಿನ ಮೇಲ್ಮನೆ ಸೆನೆಟ್‌ನಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕಿತ್ತು, 1920ರ ಮಾರ್ಚ್‌ನಲ್ಲಿ 49–35 ಆಗಿ ಏಳು ವೋಟು ಕಮ್ಮಿ ಬಿತ್ತು, ವಿರೋಧ ಪಕ್ಷದ ಸೆನೆಟರ್ ಹೆನ್ರಿ ಕ್ಯಾಬಟ್ ಲಾಡ್ಜ್ ಹಾಕಿದ ಷರತ್ತುಗಳನ್ನ ಒಪ್ಕೊಂಡು ಬಿಡೋಣ ಅಂತ ವಿಲ್ಸನ್ ಪಾರ್ಟಿಯವರೇ ಎಷ್ಟೋ ಜನ ಹೇಳಿದ್ರೂ ಅಧ್ಯಕ್ಷರು ಜಪ್ಪಯ್ಯ ಅನ್ನಲಿಲ್ಲ. ಅದು ಹಾಳಾಗ್ಲಿ. ಲೇಖಕರು ಒಂದೇ ವಾಕ್ಯದಲ್ಲಿ ದಾಟಿಸಿಬಿಟ್ಟಿದ್ದು ಅವರ ಕಾಯಿಲೆಯನ್ನ. 1919ರ ಸೆಪ್ಟೆಂಬರ್‌ನಲ್ಲಿ ರೈಲು ಹತ್ತಿ ಪಶ್ಚಿಮದ ರಾಜ್ಯಗಳ ತುಂಬ ಭಾಷಣ ಮಾಡ್ತಾ ಹೋದವರು ಕೊಲೊರಾಡೋದ ಪ್ಯೂಬ್ಲೋದಲ್ಲಿ ಮಾತಾಡಿದ ಮೇಲೆ ಕುಸಿದ್ರು, ವಾಪಸ್ ಕರ್ಕೊಂಡು ಬಂದ್ರು, ಅಕ್ಟೋಬರ್ 2ಕ್ಕೆ ಪಾರ್ಶ್ವವಾಯು ಹೊಡೀತು, ಎಡಭಾಗ ಪೂರ್ತಿ ಸ್ವಾಧೀನ ತಪ್ಪಿತು. ಅಲ್ಲಿಂದ 1921ರ ಮಾರ್ಚ್ 4ರ ತನಕ, ಅಂದ್ರೆ ಹದಿನೇಳು ತಿಂಗಳು, ಅವರೇ ಅಧ್ಯಕ್ಷರು!

ಡಾಕ್ಟರ್ ಕ್ಯಾರಿ ಗ್ರೇಸನ್ ಹೊರಗೆ ಬಂದು ನರಗಳ ಬಳಲಿಕೆ ಅಂತ ಹೇಳಿ ಸುಮ್ಮನಾದ್ರು. ಯಾವ ಕಾಗದ ಒಳಗೆ ಹೋಗ್ಬೇಕು, ಯಾವುದು ಬೇಡ ಅಂತ ಆರಿಸ್ತಿದ್ದಿದ್ದು ಹೆಂಡತಿ ಈಡಿತ್ ವಿಲ್ಸನ್. ಉಪಾಧ್ಯಕ್ಷ ಥಾಮಸ್ ಮಾರ್ಷಲ್‌ಗೆ ನಿಜ ಏನು ಅಂತ ಸರಿಯಾಗಿ ಹೇಳೋರಿಲ್ಲ, ಅವರೂ ತಾವಾಗಿ ಮುಂದೆ ಬರಲಿಲ್ಲ, ಅಧ್ಯಕ್ಷರಿಗೆ ಕೈಲಾಗದೆ ಹೋದ್ರೆ ಅದನ್ನ ಯಾರು ತೀರ್ಮಾನ ಮಾಡ್ಬೇಕು ಅಂತ ಸಂವಿಧಾನದಲ್ಲೂ ಬರೆದಿರಲಿಲ್ಲ, ಅದಕ್ಕೊಂದು ದಾರಿ ಆಗಿದ್ದು 1967ರಲ್ಲಿ, 25ನೇ ತಿದ್ದುಪಡಿ ಬಂದಾಗ. ವಿದೇಶಾಂಗ ಮಂತ್ರಿ ರಾಬರ್ಟ್ ಲ್ಯಾನ್ಸಿಂಗ್ ಕೆಲಸ ನಿಲ್ಲಬಾರದು ಅಂತ ಸಂಪುಟ ಸಭೆ ಕರೀತಾ ಬಂದ್ರು, ಅದನ್ನೇ ತಪ್ಪು ಅಂತ ಹಿಡಿದು 1920ರ ಫೆಬ್ರವರಿಯಲ್ಲಿ ವಿಲ್ಸನ್ ಅವರಿಂದ ರಾಜೀನಾಮೆ ತಗೊಂಡ್ರು. ಹೊರಗಡೆ ನೋಡಿದ್ರೆ ಉಕ್ಕಿನ ಕಾರ್ಖಾನೆಗಳಲ್ಲಿ ಸ್ಟ್ರೈಕು, ಕಲ್ಲಿದ್ದಲು ಗಣಿಯಲ್ಲಿ ಸ್ಟ್ರೈಕು, ಅಟಾರ್ನಿ ಜನರಲ್ (ನಮ್ಮ ಕಾನೂನು ಮಂತ್ರಿ ಥರ) ಮಿಚೆಲ್ ಪಾಮರ್ ಕಮ್ಯುನಿಸ್ಟರು ಅಂತ ಸಾವಿರಾರು ಜನರನ್ನ ರಾತ್ರೋರಾತ್ರಿ ಹಿಡಿದು ಒಳಗೆ ಹಾಕ್ತಿದ್ದಾರೆ, ಫ್ರಾನ್ಸ್‌ನಿಂದ ಇಳಿದ ಲಕ್ಷಾಂತರ ಹುಡುಗರು ಕೆಲಸ ಹುಡುಕ್ತಾ ಅಲೀತಿದ್ದಾರೆ. ಅಂಥ ಹೊತ್ತಲ್ಲಿ ಕುರ್ಚಿ ಖಾಲಿ ಇತ್ತು ಅಂತ ನೇರವಾಗಿ ಬರೆಯೋಕೆ ಏನು ಸಂಕೋಚ?

ಈಗ ಜೈಲಿನ ವಿಷಯ. ಯೂಜೀನ್ ಡೆಬ್ಸ್ ಅಂತ ಸಮಾಜವಾದಿ ನಾಯಕ, ರೈಲ್ವೆ ಕಾರ್ಮಿಕರ ಸಂಘ ಕಟ್ಟಿದವರು. 1918ರ ಜೂನ್‌ನಲ್ಲಿ ಒಹಾಯೋದ ಕ್ಯಾಂಟನ್‌ನಲ್ಲಿ ಯುದ್ಧದ ವಿರುದ್ಧ ಒಂದು ಭಾಷಣ ಮಾಡಿದ್ರು, ಅಷ್ಟೇ ಅಪರಾಧ. ಬೇಹುಗಾರಿಕೆ ಕಾಯ್ದೆ ಕೆಳಗೆ 10 ವರ್ಷ ಶಿಕ್ಷೆ ಆಯ್ತು, ಸುಪ್ರೀಂ ಕೋರ್ಟ್ ಕೂಡ ಒಬ್ಬರೂ ಅಪಸ್ವರ ಎತ್ತದೆ ಎತ್ತಿಹಿಡೀತು, ವಯಸ್ಸು ಅರವತ್ತು ದಾಟಿದ ಮನುಷ್ಯನನ್ನ ತಗೊಂಡು ಹೋಗಿ ಕೊನೆಗೆ ಅಟ್ಲಾಂಟಾ ಜೈಲಲ್ಲಿ ಇಟ್ರು. 1920ರ ಅಧ್ಯಕ್ಷ ಚುನಾವಣೆಗೆ ಅಲ್ಲಿಂದಲೇ ನಿಂತ್ರು, ಕೈದಿ ನಂಬರ್ 9653ಗೆ ವೋಟು ಹಾಕಿ ಅಂತ ಪ್ರಚಾರ, ಒಂದು ದಿನವೂ ಜನರ ಮುಂದೆ ಬರದೆ 9 ಲಕ್ಷಕ್ಕೂ ಮೇಲೆ ವೋಟು ತಗೊಂಡ್ರು. ಯುದ್ಧ ಮುಗಿದು ಎರಡು ವರ್ಷ ಆಗಿದೆ, ಸಿಕ್ಕಿದವರನ್ನೆಲ್ಲ ಒಳಗೆ ಹಾಕಿಸ್ತಿದ್ದ ಅದೇ ಪಾಮರ್ ಕೂಡ ಇನ್ನು ಬಿಟ್ಟುಬಿಡೋಣ ಅಂತ ಫೈಲು ಕಳಿಸಿದ್ರು. ವಿಲ್ಸನ್ ಅದರ ಮೇಲೆ ನಿರಾಕರಿಸಲಾಗಿದೆ ಅಂತ ಬರೆದು ವಾಪಸ್ ಕಳಿಸಿದ್ರು. ಜಗತ್ತಿಗೆಲ್ಲ ಶಾಂತಿ ಹೇಳಿದ ಮನುಷ್ಯ, ಒಬ್ಬ ಮುದುಕನ ವಿಷಯದಲ್ಲಿ ಪೆನ್ನು ಬಗ್ಗಿಸಲಿಲ್ಲ.

ಇನ್ನು ಹಾರ್ಡಿಂಗ್. ಅವರೇನು ಯುದ್ಧ ವಿರೋಧಿ ಅಲ್ಲ, ಸೆನೆಟರ್ ಆಗಿದ್ದಾಗ ಯುದ್ಧಕ್ಕೆ ಹ್ಞೂಂ ಅಂತ ವೋಟು ಹಾಕಿದವರೇ. 1921ರ ಮಾರ್ಚ್‌ನಲ್ಲಿ ಅಧಿಕಾರಕ್ಕೆ ಬಂದ ತಿಂಗಳಲ್ಲೇ ಅವರ ಅಟಾರ್ನಿ ಜನರಲ್ ಹ್ಯಾರಿ ಡಾಟರ್ಟಿ, ಡೆಬ್ಸ್ ಜೊತೆ ನಾನೇ ಮಾತಾಡ್ಬೇಕು ಅಂತ ಹೇಳಿ ಕಳಿಸಿದ್ರು. ಡೆಬ್ಸ್ ಬಂದಿದ್ದು ಹೇಗೆ ಗೊತ್ತಾ? ಕಾವಲಿಗೆ ಒಬ್ಬ ಪೊಲೀಸ್ ಇಲ್ಲ, ಬೇಡಿ ಇಲ್ಲ, ಅಟ್ಲಾಂಟಾ ಜೈಲಿಂದ ಒಬ್ಬರೇ ಹೊರಟು ರೈಲು ಹತ್ತಿ ವಾಷಿಂಗ್ಟನ್‌ಗೆ ಬಂದ್ರು, ಮಂತ್ರಿ ಜೊತೆ ಮಾತಾಡಿದ್ರು, ಮತ್ತೆ ಒಬ್ಬರೇ ರೈಲು ಹತ್ತಿ ವಾಪಸ್ ಹೋಗಿ ಜೈಲು ಸೇರ್ಕೊಂಡ್ರು. ದೇಶಕ್ಕೇ ಅಪಾಯ ಅಂತ ಹತ್ತು ವರ್ಷ ಹಾಕಿದ ಕೈದಿ ಇವರು! ಅಮೆರಿಕನ್ ಲೀಜನ್ ಅಂತ ಮಾಜಿ ಸೈನಿಕರ ಸಂಘದವರು ಬಿಡುಗಡೆ ಬೇಡವೇ ಬೇಡ ಅಂತ ಹಟ ಹಿಡಿದಿದ್ರು, ಪತ್ರಿಕೆಗಳೂ ಬೈದವು. ಆದ್ರೂ ಹಾರ್ಡಿಂಗ್ ಆ ಡಿಸೆಂಬರ್‌ನಲ್ಲಿ ಡೆಬ್ಸ್ ಸೇರಿ 24 ಜನರ ಶಿಕ್ಷೆ ಕಮ್ಮಿ ಮಾಡಿ, ಕ್ರಿಸ್‌ಮಸ್ ದಿನ ಹೊರಗೆ ಬಿಡಿ ಅಂತ ಆದೇಶ ಕೊಟ್ರು, ಹಬ್ಬದೂಟ ಹೆಂಡತಿ ಜೊತೆ ಮಾಡ್ಲಿ ಅಂದ್ರಂತೆ. ಹೊರಡುವಾಗ ವಾರ್ಡನ್ ಕೈದಿಗಳನ್ನೆಲ್ಲ ಮುಂಭಾಗಕ್ಕೆ ಬರೋಕೆ ಬಿಟ್ರು, ಸಾವಿರಾರು ಕೈದಿಗಳು ಕೂಗು ಹಾಕ್ತಿದ್ರು, ಡೆಬ್ಸ್ ಅವರತ್ತ ಟೋಪಿ ಎತ್ತಿ ಕಣ್ಣೀರು ಹಾಕ್ತಾ ಹೋದ್ರು. ಮಾರನೇ ದಿನ ವೈಟ್ ಹೌಸ್‌ನಲ್ಲಿ ಅಧ್ಯಕ್ಷರು, ನಿಮ್ಮ ಬಗ್ಗೆ ಬೇಜಾನ್ ಕೇಳಿದೀನಿ ಮಾರಾಯ್ರೇ, ಈಗ ಮುಖತಃ ಸಿಕ್ಕಿದ್ದು ಖುಷಿ ಅನ್ನೋ ಅರ್ಥದಲ್ಲಿ ಕೈ ಕುಲುಕಿದ್ರು ಅಂತ ಎಲ್ಲ ಕಡೆ ಬರೆದಿದ್ದಾರೆ.

ಇದು ಪೂರ್ತಿ ಕ್ಷಮೆ ಅಲ್ಲ, ಶಿಕ್ಷೆ ಕಡಿತ ಅಷ್ಟೇ, ಕಳ್ಕೊಂಡ ಪೌರತ್ವದ ಹಕ್ಕು ಡೆಬ್ಸ್‌ಗೆ ಬದುಕಿರೋವಾಗ ವಾಪಸ್ ಬರಲಿಲ್ಲ. ಒಳಗೆ ಇನ್ನೂ ಉಳಿದಿದ್ದವರನ್ನ 1923ರ ಡಿಸೆಂಬರ್‌ನಲ್ಲಿ ಬಿಡಿಸಿದ್ದು ಆ ನಿದ್ದೆಬುರುಕ ಕೂಲಿಜ್. ಲೇಖನದಲ್ಲಿ ಇದ್ಯಾವುದೂ ಒಂದು ಸಾಲು ಕೂಡ ಇಲ್ಲ.

ಹಾರ್ಡಿಂಗ್ ಪರ ವಕಾಲತ್ತು ಹಾಕ್ತಿದೀನಿ ಅಂತ ಅನ್ಕೋಬೇಡಿ, ಅದಕ್ಕೆ ಆಮೇಲೆ ಬರ್ತೀನಿ. ಆದ್ರೆ ಇನ್ನೆರಡು ಹೇಳಲೇಬೇಕು. ಒಂದು, 1921ರ ಬಜೆಟ್ ಕಾಯ್ದೆ. ಅದಕ್ಕೂ ಮುಂಚೆ ಒಂದೊಂದು ಇಲಾಖೆಯೂ ತನಗೆ ಬೇಕಾದಷ್ಟು ದುಡ್ಡು ಕೇಳ್ಕೊಂಡು ನೇರ ಕಾಂಗ್ರೆಸ್‌ಗೆ, ಅಂದ್ರೆ ಅಲ್ಲಿನ ಸಂಸತ್ತಿಗೆ ಹೋಗ್ತಿತ್ತು, ಇಡೀ ಸರ್ಕಾರಕ್ಕೆ ಅಂತ ಒಂದು ಬಜೆಟ್ ಇರಲಿಲ್ಲ. ಯುದ್ಧದಿಂದ ಸಾಲ 25 ಶತಕೋಟಿ ಡಾಲರ್ ದಾಟಿತ್ತು, ದಶಕ ಮುಗಿಯೋ ಹೊತ್ತಿಗೆ 17ರ ಆಸುಪಾಸು ಇಳೀತು. ಎರಡು, 1921ರ ಅಕ್ಟೋಬರ್‌ನಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ಗೆ ಹೋಗಿ, ಬಿಳಿಯರೊಂದು ಕಡೆ ಕರಿಯರೊಂದು ಕಡೆ ನಿಂತ ಸಭೆಯಲ್ಲಿ, ವೋಟು, ದುಡಿಮೆ, ಓದು ಮೂರರಲ್ಲೂ ಕರಿಯರಿಗೆ ಸಮಾನ ಅವಕಾಶ ಬೇಕು ಅಂತ ಹೇಳಿದ್ದು. ಸಾಮಾಜಿಕ ಸಮಾನತೆ ಬೇರೆ ಮಾತು ಅಂತ ಬಾಲಂಗೋಚಿ ಸೇರಿಸಿದ್ರು, ಲಿಂಚಿಂಗ್, ಅಂದ್ರೆ ಗುಂಪು ಸೇರಿ ಹೊಡೆದು ಸಾಯಿಸೋದನ್ನ ತಡೆಯೋ ಮಸೂದೆ ಸೆನೆಟ್‌ನಲ್ಲಿ ಸತ್ತಾಗ ಹೆಚ್ಚೇನೂ ಹೋರಾಡಲಿಲ್ಲ, ಎಲ್ಲ ನಿಜ. ಆದ್ರೆ ಅದಕ್ಕಿಂತ ಎಂಟು ವರ್ಷ ಹಿಂದೆ ಫೆಡರಲ್ ಆಫೀಸುಗಳಲ್ಲೇ ಕರಿಯ ಗುಮಾಸ್ತರನ್ನ ಬೇರೆ ಕೂರಿಸೋಕೆ ಬಿಟ್ಟಿದ್ದು ಯಾರ ಸರ್ಕಾರ? ಮಹಾನಾಯಕ ವಿಲ್ಸನ್ ಅವರದ್ದೇ.

ಈಗ ಹಾರ್ಡಿಂಗ್ ಮುಗ್ಗರಿಸಿದ ಕಡೆ ಬರೋಣ. ಲೇಖಕರು ಟೀಪಾಟ್ ಡೋಮ್ ಹಗರಣಕ್ಕೆ ಅರ್ಧ ಪುಟ ಕೊಟ್ಟಿದ್ದಾರೆ, ನೌಕಾಪಡೆಗೆ ಅಂತ ಇಟ್ಟ ಎಣ್ಣೆ ಬಾವಿಗಳನ್ನ ಒಳಾಡಳಿತ ಮಂತ್ರಿ ಆಲ್ಬರ್ಟ್ ಫಾಲ್ ಗುಟ್ಟಾಗಿ ಕಂಪನಿಗಳಿಗೆ ಬರ್ಕೊಟ್ಟಿದ್ದು, ಕಪ್ಪು ಬ್ಯಾಗಲ್ಲಿ ಒಂದು ಲಕ್ಷ ಡಾಲರ್ ಬಂದಿದ್ದು ಎಲ್ಲ. ಚೆನ್ನಾಗೇ ಇದೆ. ಆದ್ರೆ ನನ್ನ ಕಣ್ಣಲ್ಲಿ ಅದಕ್ಕಿಂತ ಅಸಹ್ಯದ್ದು ವೆಟರನ್ಸ್ ಬ್ಯೂರೋದ ಕಳ್ಳತನ, ಅದಕ್ಕೆ ಸಿಕ್ಕಿದ್ದು ಅರ್ಧ ವಾಕ್ಯ.

1921ರ ಆಗಸ್ಟ್‌ನಲ್ಲಿ, ಗಾಯಗೊಂಡ ಸಿಪಾಯಿಗಳ ಚಿಕಿತ್ಸೆ, ಪಿಂಚಣಿ, ಕೆಲಸದ ತರಬೇತಿ ಎಲ್ಲ ಒಂದೇ ಕಡೆ ಸಿಗ್ಲಿ ಅಂತ ಈ ಬ್ಯೂರೋ ಮಾಡಿದ್ರು. ಉದ್ದೇಶ ಬಹಳ ಒಳ್ಳೇದು. ಮುಖ್ಯಸ್ಥ ಮಾಡಿದ್ದು ಚಾರ್ಲ್ಸ್ ಫೋರ್ಬ್ಸ್ ಅನ್ನೋ ಆಸಾಮಿಯನ್ನ, ಹಾರ್ಡಿಂಗ್‌ಗೆ ಹವಾಯಿಯಲ್ಲಿ ಪರಿಚಯ ಆದ ದೋಸ್ತ್, ಮಾತಲ್ಲಿ ಮರುಳು ಮಾಡೋನು. ಮೇರಿಲ್ಯಾಂಡ್‌ನ ಪೆರಿವಿಲ್‌ನಲ್ಲಿ ಯುದ್ಧಕಾಲದ ಸಾಮಾನಿನ ದೊಡ್ಡ ಗೋದಾಮುಗಳಿದ್ವು. ಬೆಡ್‌ಶೀಟು, ಟವೆಲ್ಲು, ಪೈಜಾಮ, ಗಾಯಕ್ಕೆ ಕಟ್ಟೋ ಬಟ್ಟೆ, ಇವೆಲ್ಲ ಹೆಚ್ಚುವರಿ, ಕೆಟ್ಟಿದೆ ಅಂತ ಷರಾ ಬರೆದು ಬಾಸ್ಟನ್‌ನ ಒಂದು ಕಂಪನಿಗೆ ಚಿಲ್ಲರೆ ಕಾಸಿಗೆ ಮಾರ್ತಿದ್ರು, ರೈಲು ವ್ಯಾಗನ್‌ಗಟ್ಟಲೆ ಹೊರಗೆ ಹೋಗ್ತಿತ್ತು, ಇನ್ನೊಂದು ಕಡೆ ಅಂಥದೇ ಸಾಮಾನನ್ನ ದುಬಾರಿ ರೇಟಿಗೆ ಹೊಸದಾಗಿ ಖರೀದಿ. ಬೇಲಿಯೇ ಎದ್ದು ಹೊಲ ಮೇಯೋದು ಅಂದ್ರೆ ಇದೇ. ಆಸ್ಪತ್ರೆ ಕಟ್ಟೋ ಗುತ್ತಿಗೆಯಲ್ಲೂ ಕಮಿಷನ್. ಗ್ಯಾಸ್ ಉಸಿರಾಡಿ ಕೆಮ್ಮುತ್ತಾ ಮಲಗಿದ ಹುಡುಗರ ಹಾಸಿಗೆ ಬಟ್ಟೆಯಿಂದ ದುಡ್ಡು ಹೊಡೆದವರು ಇವರು, ಎಣ್ಣೆ ಬಾವಿ ಕಳ್ಳರೇ ವಾಸಿ.

ಹಾರ್ಡಿಂಗ್‌ಗೆ ಸುದ್ದಿ ಮುಟ್ಟಿಸಿದ್ದು ಅವರ ಸ್ವಂತ ಡಾಕ್ಟರ್ ಚಾರ್ಲ್ಸ್ ಸಾಯರ್. ಆಗ ಫೋರ್ಬ್ಸ್‌ನ ಕರೆಸಿ ಕುತ್ತಿಗೆ ಹಿಡಿದು ಅಲ್ಲಾಡಿಸಿಬಿಟ್ರು ಅಂತ ಒಂದು ಕಥೆ ಇದೆ, ನಿಜವೋ ಸುಳ್ಳೋ. ನಿಜವಾದ ತಪ್ಪು ಏನಪ್ಪಾ ಅಂದ್ರೆ, ಕುತ್ತಿಗೆ ಹಿಡಿಯೋ ಬದಲು ಪೊಲೀಸ್ ಕೈಗೆ ಕೊಡಬೇಕಿತ್ತು. ಅವನನ್ನ ಯೂರೋಪ್‌ಗೆ ಹೋಗೋಕೆ ಬಿಟ್ರು, 1923ರ ಫೆಬ್ರವರಿಯಲ್ಲಿ ಅಲ್ಲಿಂದಲೇ ರಾಜೀನಾಮೆ ಬಂತು. ಮಾರ್ಚ್‌ನಲ್ಲಿ ಬ್ಯೂರೋದ ವಕೀಲ ಚಾರ್ಲ್ಸ್ ಕ್ರೇಮರ್ ಆತ್ಮಹತ್ಯೆ ಮಾಡ್ಕೊಂಡ್ರು. ಆಗಸ್ಟ್ 2ಕ್ಕೆ ಸ್ಯಾನ್ ಫ್ರಾನ್ಸಿಸ್ಕೋದ ಹೋಟೆಲ್ ರೂಮಲ್ಲಿ ಹಾರ್ಡಿಂಗ್ ಕೂಡ ತೀರ್ಕೊಂಡ್ರು. ಫೋರ್ಬ್ಸ್‌ಗೆ 1925ರಲ್ಲಿ ಸಿಕ್ಕಿದ್ದು ಎರಡು ವರ್ಷ ಜೈಲು, 10 ಸಾವಿರ ಡಾಲರ್ ದಂಡ. ಒಂದು ಭಾಷಣಕ್ಕೆ ಹತ್ತು ವರ್ಷ, ಸಿಪಾಯಿಗಳ ಹೊಟ್ಟೆ ಮೇಲೆ ಹೊಡೆದಿದ್ದಕ್ಕೆ ಎರಡು!

ಟೀಪಾಟ್ ಡೋಮ್‌ನಲ್ಲೂ ಲೇಖಕರು ಬಿಟ್ಟ ಒಂದು ವಿವರ ಇದೆ. ಫಾಲ್‌ಗೆ ಬಂದಿದ್ದು ಬ್ಯಾಗಿನ ನೋಟು ಮಾತ್ರ ಅಲ್ಲ, ಎಣ್ಣೆ ಕಂಪನಿ ಧಣಿ ಹ್ಯಾರಿ ಸಿಂಕ್ಲೇರ್ ಕಡೆಯಿಂದ ಎರಡು ಲಕ್ಷ ಡಾಲರ್‌ಗೂ ಮೇಲೆ ಲಿಬರ್ಟಿ ಬಾಂಡ್‌ಗಳು. ಯುದ್ಧಕ್ಕೆ ದುಡ್ಡು ಬೇಕು, ದೇಶಭಕ್ತಿ ಇದ್ರೆ ಕೊಳ್ಳಿ ಅಂತ ಮನೆಮನೆಗೆ ಹೋಗಿ ಮಾರಿದ್ರಲ್ಲ, ಅದೇ ಬಾಂಡ್‌ಗಳು. ಬಾಂಡ್‌ಗಳಿಗೆ ಒಂದೊಂದಕ್ಕೂ ನಂಬರ್ ಇತ್ತು, ಮೊಂಟಾನಾದ ಸೆನೆಟರ್ ಥಾಮಸ್ ವಾಲ್ಶ್ ಶುರು ಮಾಡಿದ ತನಿಖೆ ಮುಂದೆ ಆ ನಂಬರ್‌ಗಳ ಜಾಡು ಹಿಡಿದು ಹೋಗೋಕಾಯ್ತು, ಇಲ್ಲದಿದ್ರೆ ದಕ್ಕಿಸ್ಕೊಂಡು ಬಿಡ್ತಿದ್ರು. ಅಂದ ಹಾಗೆ 1919ರ ಡಿಸೆಂಬರ್‌ನಲ್ಲಿ ವಿಲ್ಸನ್ ನಿಜವಾಗ್ಲೂ ಹುಷಾರಾಗಿದ್ದಾರಾ ಅಂತ ನೋಡ್ಕೊಂಡು ಬರೋಕೆ ಸೆನೆಟ್ ಕಡೆಯಿಂದ ಮಲಗೋ ಕೋಣೆಗೆ ಹೋದ ಇಬ್ಬರಲ್ಲಿ ಒಬ್ಬರು ಇದೇ ಫಾಲ್. ನಿಮಗೋಸ್ಕರ ಪ್ರಾರ್ಥನೆ ಮಾಡ್ತಿದೀವಿ ಅಂದ್ರಂತೆ, ವಿಲ್ಸನ್ ಮಲಗಿದ್ದಲ್ಲೇ, ಬದುಕ್ಲಿ ಅಂತಲೋ ಸಾಯ್ಲಿ ಅಂತಲೋ ಅನ್ನೋ ಥರ ಕೇಳಿದ್ರಂತೆ. ನಾಲಿಗೆ ಮಾತ್ರ ಚೂಪಾಗೇ ಇತ್ತು ಪುಣ್ಯಾತ್ಮರದ್ದು.

ಇನ್ನು ಹಾರ್ಡಿಂಗ್ ತೀರ್ಕೊಂಡ ಮೇಲೆ ಅಧ್ಯಕ್ಷರಾದ ಕೂಲಿಜ್ ಬಗ್ಗೆ. ವರ್ಮಾಂಟ್‌ನ ಹಳ್ಳಿಮನೆಯಲ್ಲಿ ಸೀಮೆಎಣ್ಣೆ ದೀಪದ ಬೆಳಕಲ್ಲಿ, ನೋಟರಿ ಆಗಿದ್ದ ಅಪ್ಪನ ಕೈಲೇ ಪ್ರಮಾಣವಚನ ತಗೊಂಡಿದ್ದು ಚೆಂದದ ಕಥೆ, ಅದನ್ನ ಎಲ್ಲರೂ ಬರೀತಾರೆ. ಡಾಟರ್ಟಿಯನ್ನ ಮನೆಗೆ ಕಳಿಸಿದ್ರು, ಎಣ್ಣೆ ಹಗರಣಕ್ಕೆ ಎರಡೂ ಪಾರ್ಟಿಯಿಂದ ಒಬ್ಬೊಬ್ಬ ವಕೀಲರನ್ನ ವಿಶೇಷ ಪ್ರಾಸಿಕ್ಯೂಟರ್ ಮಾಡಿದ್ರು, ಇದಕ್ಕೆಲ್ಲ ಶಭಾಷ್ ಅನ್ನೋಣ. ಆದ್ರೆ ಅವರನ್ನ ಅಳೀಬೇಕಾದ್ದು 1924ರ ಮೇ ತಿಂಗಳಿಂದ.

ಸಿಪಾಯಿಗೆ ಯುದ್ಧದಲ್ಲಿ ಸಿಗ್ತಿದ್ದ ಸಂಬಳ ತಿಂಗಳಿಗೆ 30 ಡಾಲರ್, ದಿನಕ್ಕೆ ಒಂದು. ಅದರಲ್ಲೇ ವಿಮೆ ಕಂತು, ಮನೆಯವರಿಗೆ ಕಡ್ಡಾಯ ಕಡಿತ ಎಲ್ಲ ಹೋಗ್ಬೇಕು. ಊರಲ್ಲೇ ಉಳಿದು ಹಡಗು ಕಟ್ಟೋ ಯಾರ್ಡಲ್ಲಿ, ಮದ್ದುಗುಂಡಿನ ಫ್ಯಾಕ್ಟರಿಯಲ್ಲಿ ದುಡಿದವರು ಅದರ ಎಷ್ಟೋ ಪಟ್ಟು ಎಣಿಸಿದ್ರು. ಯುದ್ಧ ಮುಗಿದ ಮೇಲೆ ಕೈಗೆ 60 ಡಾಲರ್ ಇಟ್ಟು ಹೋಗಿ ಬನ್ನಿ ಅಂದ್ರು. ಆ ವ್ಯತ್ಯಾಸ ತುಂಬಿಕೊಡಿ ಅಂತ ಬೋನಸ್ ಮಸೂದೆ ಬಂತು, 1922ರಲ್ಲಿ ಹಾರ್ಡಿಂಗ್ ವೀಟೋ ಮಾಡಿದ್ರು, 1924ರ ಮೇ 15ಕ್ಕೆ ಕೂಲಿಜ್ ವೀಟೋ ಮಾಡಿದ್ರು, ದುಡ್ಡು ಕೊಟ್ಟು ಕೊಂಡ ದೇಶಭಕ್ತಿ ದೇಶಭಕ್ತಿಯೇ ಅಲ್ಲ ಅಂತ ಉಪದೇಶ ಬೇರೆ. ನಾಲ್ಕೇ ದಿನದಲ್ಲಿ ಕಾಂಗ್ರೆಸ್ ಎರಡೂ ಸದನದಲ್ಲಿ ವೀಟೋ ಮುರಿದು ಕಾಯ್ದೆ ಮಾಡ್ತು. ಮಾಡಿದ್ದಾದ್ರೂ ಹೇಗೆ? ದೇಶದೊಳಗೆ ಇದ್ದ ದಿನಕ್ಕೆ ಒಂದು ಡಾಲರ್, ವಿದೇಶದಲ್ಲಿದ್ದ ದಿನಕ್ಕೆ ಒಂದೂಕಾಲು, ಆದ್ರೆ ಐವತ್ತು ಡಾಲರ್ ಒಳಗಿನ ಲೆಕ್ಕ ಬಿಟ್ರೆ ಬಾಕಿ ಎಲ್ಲರಿಗೂ ಒಂದು ಸರ್ಟಿಫಿಕೇಟು, ದುಡ್ಡು 1945ಕ್ಕೆ! ಅಲ್ಲೀ ತನಕ ಬದುಕಿರ್ಬೇಕಲ್ಲ, ಸತ್ರೆ ಮನೆಯವರಿಗೆ. ಮೂಗಿಗೆ ತುಪ್ಪ ಸವರೋದು ಅಂದ್ರೆ ಹೀಗೇ.

ಯುದ್ಧದ ಸಾಲ ತೀರಿಸ್ಬೇಕು ಅನ್ನೋ ಕೂಲಿಜ್ ಮಾತು ಸುಳ್ಳಲ್ಲ, ಆ ವಾದಕ್ಕೆ ತೂಕ ಇದೆ ಅಂತ ಒಪ್ಪೋಣ. ಆದ್ರೆ ಮುಂದಿನ ತಿಂಗಳು, ಜೂನ್ 2ಕ್ಕೆ, ಅದೇ ಕೂಲಿಜ್ ಸಹಿ ಹಾಕಿದ ತೆರಿಗೆ ಕಾಯ್ದೆಯಲ್ಲಿ ಅತಿ ಶ್ರೀಮಂತರ ಆದಾಯ ತೆರಿಗೆ ಶೇ 46ಕ್ಕೆ ಇಳೀತು, ಯುದ್ಧ ಮುಗಿದ ಹೊಸದರಲ್ಲಿ ಅದು ಶೇ 73 ಇತ್ತು, ಆಮೇಲೆ ಶೇ 25ಕ್ಕೆ ಬಂತು. ಹಣಕಾಸು ಮಂತ್ರಿ ಆಂಡ್ರೂ ಮೆಲನ್ ಅವರೇ ದೇಶದ ದೊಡ್ಡ ಶ್ರೀಮಂತರಲ್ಲೊಬ್ಬರು. ರೇಟು ಇಳಿಸಿದ್ರೆ ವಸೂಲಿ ಜಾಸ್ತಿ ಆಗುತ್ತೆ ಅನ್ನೋದು ಅವರ ಲೆಕ್ಕ, ಇರಲಿ. ಹಾಗಾದ್ರೆ ಖಜಾನೆಗೆ ಸಿಪಾಯಿಯ ದಿನಕ್ಕೆ ಒಂದು ಡಾಲರ್ ಮಾತ್ರ ಭಾರವಾ?

ಆ ಎರಡರ ನಡುವೆ ಮೇ 26ಕ್ಕೆ ಇನ್ನೊಂದು ಸಹಿ ಬಿತ್ತು, ವಲಸೆ ಕಾಯ್ದೆಗೆ. ಪೌರತ್ವ ಪಡೆಯೋಕೆ ಅರ್ಹತೆ ಇಲ್ಲದವರು ದೇಶದೊಳಗೇ ಬರೋ ಹಾಗಿಲ್ಲ, ಅಂದ್ರೆ ಏಷ್ಯಾದವರಿಗೆ ಹೆಚ್ಚುಕಮ್ಮಿ ಬಾಗಿಲು ಬಂದ್. ಆ ಅರ್ಹತೆ ಇಲ್ಲ ಅನ್ನೋದನ್ನ ಭಾರತೀಯರ ವಿಷಯದಲ್ಲಿ ಸುಪ್ರೀಂ ಕೋರ್ಟ್ ಒಂದು ವರ್ಷ ಮುಂಚೆಯೇ ಹೇಳಿತ್ತು, 1923ರ ಫೆಬ್ರವರಿ 19ಕ್ಕೆ, ಭಗತ್ ಸಿಂಗ್ ಥಿಂಡ್ ಕೇಸಲ್ಲಿ. ನಿಮ್ಮ ಲೇಖನದಲ್ಲಿ ಈ ಹೆಸರೇ ಇಲ್ಲ, ಭಾರತದ ಪತ್ರಿಕೆಯಲ್ಲಿ ಇದು ಬಿಟ್ಟುಹೋಗಿದ್ದು ನನಗೆ ಸ್ವಲ್ಪ ಜಾಸ್ತಿಯೇ ಬೇಜಾರಾಯ್ತು. ಪಂಜಾಬಿನ ಈ ಸಿಖ್ 1918ರಲ್ಲಿ ಅಮೆರಿಕದ ಸೈನ್ಯ ಸೇರಿ, ಪಗಡಿ ಕಟ್ಕೊಂಡೇ ಕ್ಯಾಂಪ್ ಲೂಯಿಸ್‌ನಲ್ಲಿ ಸೇವೆ ಮಾಡಿ, ಸಾರ್ಜೆಂಟ್ ಆಗಿ, ಒಳ್ಳೆ ನಡತೆಯ ಸರ್ಟಿಫಿಕೇಟ್ ತಗೊಂಡು ಹೊರಗೆ ಬಂದವರು. ಯೂನಿಫಾರ್ಮಲ್ಲಿದ್ದಾಗಲೇ ಪೌರತ್ವ ಕೊಟ್ರು, ನಾಲ್ಕು ದಿನಕ್ಕೆ ಕಿತ್ಕೊಂಡ್ರು. 1920ರಲ್ಲಿ ಒರೆಗಾನ್‌ನ ಕೋರ್ಟು ಮತ್ತೆ ಕೊಡ್ತು, ಸರ್ಕಾರ ಮೇಲಿನ ಕೋರ್ಟಿಗೆ ಹೋಯ್ತು. ಜನಾಂಗ ಶಾಸ್ತ್ರದ ಪ್ರಕಾರ ಇವರು ಏನೇ ಇರಬಹುದು, ಸಾಮಾನ್ಯ ಜನ ಬಿಳಿಯ ಅಂತ ಯಾರನ್ನ ಕರೀತಾರೋ ಆ ಲೆಕ್ಕಕ್ಕೆ ಇವರು ಬರಲ್ಲ ಅಂತ ತೀರ್ಪು ಬರೆದವರು ಜಸ್ಟಿಸ್ ಜಾರ್ಜ್ ಸದರ್ಲ್ಯಾಂಡ್, ಹಾರ್ಡಿಂಗ್ ನೇಮಿಸಿದವರು, ಹುಟ್ಟಿದ್ದು ಇಂಗ್ಲೆಂಡಲ್ಲಿ. ಅಂದ್ರೆ ಒಬ್ಬ ವಲಸಿಗ ಇನ್ನೊಬ್ಬ ವಲಸಿಗನಿಗೆ ಹೇಳಿದ್ದು ಇದು. ಆ ತೀರ್ಪು ಹಿಡ್ಕೊಂಡು ಆಗಲೇ ಪೌರತ್ವ ಪಡೆದು ಮನೆಮಠ ಮಾಡ್ಕೊಂಡಿದ್ದ ಎಷ್ಟೋ ಭಾರತೀಯರ ಪೌರತ್ವವನ್ನೂ ರದ್ದು ಮಾಡೋಕೆ ಹೊರಟ್ರು. ಆಗಿನ ಅಧ್ಯಕ್ಷರು ಯಾರೂ ಇದರ ಬಗ್ಗೆ ತುಟಿಪಿಟಿಕ್ ಅನ್ನಲಿಲ್ಲ.

ಲೇಖಕರು ದಶಕವನ್ನ 1929ಕ್ಕೆ ನಿಲ್ಲಿಸಿದ್ದಾರೆ, ಬಾಕಿಗಳ ಲೆಕ್ಕ ಹಿಡಿದ್ರೆ ಅದು ಅಲ್ಲಿಗೆ ನಿಲ್ಲಲ್ಲ. ಆ 1945ರ ಸರ್ಟಿಫಿಕೇಟು ಹಿಡ್ಕೊಂಡು, ಕೆಲಸ ಇಲ್ಲದ ಸಾವಿರಾರು ಮಾಜಿ ಸಿಪಾಯಿಗಳು 1932ರಲ್ಲಿ ಹೆಂಡತಿ ಮಕ್ಕಳ ಸಮೇತ ವಾಷಿಂಗ್ಟನ್‌ಗೆ ಬಂದು ಅನಕೋಸ್ಟಿಯಾ ನದಿ ಪಕ್ಕ ತಗಡು ಹಲಗೆ ಗುಡಿಸಲು ಹಾಕ್ಕೊಂಡು ಕೂತ್ರು, ಈಗಲೇ ಕೊಡಿ ಅಂತ. ಆಗಿನ ಅಧ್ಯಕ್ಷ ಹರ್ಬರ್ಟ್ ಹೂವರ್ ಸೈನ್ಯ ಕಳಿಸಿದ್ರು, ಜುಲೈ 28ಕ್ಕೆ ಸೇನಾ ಮುಖ್ಯಸ್ಥ ಡಗ್ಲಸ್ ಮ್ಯಾಕ್‌ಆರ್ಥರ್ ಟ್ಯಾಂಕು, ಅಶ್ರುವಾಯು ತಗೊಂಡು ಬಂದು ಓಡಿಸಿದ್ರು, ಗುಡಿಸಲುಗಳು ಸುಟ್ಟುಹೋದವು. ಫ್ರಾಂಕ್ಲಿನ್ ರೂಸ್‌ವೆಲ್ಟ್ ಬಂದ ಮೇಲೂ ಬೋನಸ್‌ಗೆ ವೀಟೋನೇ, ಅವರನ್ನೂ ಮೀರಿ ಕಾಂಗ್ರೆಸ್ ಅದನ್ನ ಕೊಡಿಸಿದ್ದು 1936ರಲ್ಲಿ. ಥಿಂಡ್‌ಗೂ, ಮಹಾಯುದ್ಧದಲ್ಲಿ ಸೇವೆ ಮಾಡಿದ ಏಷ್ಯಾದವರಿಗೆ ಪೌರತ್ವ ಕೊಡೋ 1935ರ ಕಾಯ್ದೆ ಬಂದ ಮೇಲೆ, ಮೂರನೇ ಸಲ, ಯಾರೂ ಕಿತ್ಕೊಳ್ಳದ ಪೌರತ್ವ ಸಿಕ್ಕಿದ್ದು ಅದೇ 1936ರಲ್ಲಿ.

ಮುಂದಿನ ಭಾನುವಾರ ಎರಡನೇ ಭಾಗ ಬರುತ್ತೆ ಅಂತ ಹಾಕಿದೀರಿ. ಲೇಖಕರಿಗೆ ಈ ಪತ್ರ ತಲುಪಿಸಿ, ಪೆರಿವಿಲ್ ಗೋದಾಮಿಗೂ ಥಿಂಡ್ ಅವರಿಗೂ ಒಂದೊಂದು ಪ್ಯಾರಾ ಜಾಗ ಮಾಡಿಕೊಡೋಕೆ ಹೇಳಿ. ಜಾಗ ಸಾಲದಿದ್ರೆ ಇಸ್ಪೀಟಿನ ಕಥೆ ತೆಗೆದುಬಿಡಿ.

ಇಂತಿ,
ನಿಮ್ಮ ಪುರವಣಿಯ ಖಾಯಂ ಓದುಗ